ಬೇಕಾದ್ದು ಮಾತ್ರ ಕೇಳಿಸುವ ಕಿವಿ: ಕಲ್ಲುಕ್ವಾರಿಯ ಒಬ್ಬ ಕೆಲಸಗಾರರ ಶ್ರವಣನಷ್ಟದ ಪ್ರಕರಣ

ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದ ಕಡೆಗೆ ಹೋಗುವ ಹೆದ್ದಾರಿಯ ಆಚೀಚೆ ಕಾಣುವ ಬಂಡೆಗುಡ್ಡಗಳಲ್ಲಿ ಕಲ್ಲು ತೆಗೆಯುವ ಕೆಲಸ ದಶಕಗಳಿಂದ ನಡೆದುಬಂದಿದೆ. ಈ ಪ್ರಕರಣ ಆ ಭಾಗದ ಒಂದು ಹಳ್ಳಿಯ, 61 ವರ್ಷ ವಯಸ್ಸಿನ ಒಬ್ಬರದು. ಕಂಪ್ರೆಷರ್‌ಗೆ ಜೋಡಿಸಿದ ಜಾಕ್‌ಹ್ಯಾಮರ್ ಹಿಡಿದು ಬಂಡೆಗೆ ರಂಧ್ರ ಕೊರೆಯುವ, ಅಲ್ಲಿನವರ ಮಾತಿನಲ್ಲಿ ‘ಹೋಲ್ ಹೊಡೆಯುವ’ ಕೆಲಸವನ್ನು 26 ವರ್ಷ ಮಾಡಿ, ಮೈ ಸೋತ ಮೇಲೆ ಬಿಟ್ಟು, ಈಗ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಾರೆ. ಗುರುತು ಸಿಗಬಾರದೆಂದು ಹೆಸರನ್ನೂ ಊರನ್ನೂ ಬಿಟ್ಟಿದ್ದೇವೆ. ಹೆಂಡತಿ ಕರೆಯುವಂತೆ ನಾವೂ ಅವರನ್ನು ಇಲ್ಲಿ ಯಜಮಾನರು ಎಂದೇ ಕರೆಯುತ್ತೇವೆ. ನಮ್ಮದು ಶ್ರವಣನಷ್ಟದ ಅಧ್ಯಯನ ಮತ್ತು ಚಿಕಿತ್ಸೆಗೆಂದೇ ಇರುವ, ಲಾಭದ ಉದ್ದೇಶವಿಲ್ಲದ ಒಂದು ಚಿಕ್ಕ ಟ್ರಸ್ಟ್. ವಾರದಲ್ಲಿ ಎರಡು ದಿನ ಬಾಡಿಗೆ ಕೋಣೆಯಲ್ಲಿ ಪರೀಕ್ಷೆ ನಡೆಸುತ್ತೇವೆ, ಉಳಿದ ದಿನಗಳಲ್ಲಿ ಹಳ್ಳಿಗಳ ಮನೆಭೇಟಿ.

ಯಜಮಾನರು ತಾವಾಗಿ ನಮ್ಮಲ್ಲಿಗೆ ಬಂದವರಲ್ಲ. ಕೆಲವು ವರ್ಷಗಳ ಹಿಂದೆ ಆ ಕಡೆ ಬೇರೊಂದು ಸಂಸ್ಥೆಯವರು ಉಚಿತ ಶಿಬಿರ ನಡೆಸಿ, ಕಿವಿ ಮಂದವೆಂದು ಬಂದವರಿಗೆಲ್ಲ ಶ್ರವಣ ಸಾಧನಗಳನ್ನು ಹಂಚಿದ್ದರು. ಹಾಗೆ ಹಂಚಿದವು ಈಗ ಏನಾಗಿವೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ನಾವು ಕೈಗೆತ್ತಿಕೊಂಡಾಗ ಸಿಕ್ಕ ಮನೆಗಳಲ್ಲಿ ಅವರದೂ ಒಂದು. ಸಾಧನ ಟ್ರಂಕಿನೊಳಗಿಂದ, ಪಹಣಿ ಮತ್ತು ರೇಷನ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಕವರಿನಿಂದ ಹೊರಬಂತು. ಜೇಬಿನಲ್ಲಿ ಇಟ್ಟುಕೊಂಡು ಕಿವಿಗೆ ವೈರ್ ಎಳೆದುಕೊಳ್ಳುವ ಹಳೆಯ ಮಾದರಿ ಅದು. ವೈರಿಗೆ ಸುತ್ತಿದ್ದ ರಬ್ಬರ್‌ಬ್ಯಾಂಡ್ ಹಾಗೆಯೇ ಇತ್ತು. ಒಳಗೆ ಉಳಿದಿದ್ದ ಪೆನ್ಸಿಲ್ ಸೆಲ್ಲು ಸೋರಿ ಬಿಳಿಯ ಪುಡಿ ಕಟ್ಟಿಕೊಂಡಿತ್ತು. “ಅವ್ರ ಕಿವಿ ಚೆನ್ನಾಗೇ ಐತೆ ಮೇಡಂ, ಬೇಕಾದ್ದು ಮಾತ್ರ ಕೇಳಿಸ್ತೈತೆ” ಎಂದು ಹೆಂಡತಿ ಹೇಳಿದರು.

ಆ ಮಾತು ವ್ಯಂಗ್ಯದ್ದಾದರೂ ಅದರ ಹಿಂದೆ ವರ್ಷಗಟ್ಟಲೆ ಗಮನಿಸಿದ ಸಾಕ್ಷ್ಯವಿತ್ತು. ಅರ್ಧ ಮೈಲಿ ಆಚೆ ಬರುತ್ತಿರುವ ಟ್ರ್ಯಾಕ್ಟರ್ ಯಾರದೆಂದು ಯಜಮಾನರು ಸದ್ದಿನಿಂದಲೇ ಹೇಳುತ್ತಾರೆ. ರಾತ್ರಿ ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತರೆ ಅವರಿಗೆ ಎಚ್ಚರವಾಗುತ್ತದೆ. ಆದರೆ ಸೊಸೆ ಅಡುಗೆಮನೆಯಿಂದ “ಮಾವ, ಊಟಕ್ಕೆ ಬನ್ನಿ” ಎಂದು ಮೂರು ಸಲ ಕೂಗಿದರೂ ಉತ್ತರವಿಲ್ಲ, ಮೊಮ್ಮಗ ಎದುರಿಗೆ ನಿಂತು ಏನಾದರೂ ಕೇಳಿದರೆ ಬೇರೆಯದೇ ಉತ್ತರ. ಇಂಥವರನ್ನು ಮನೆಯವರು ಕಿವುಡರೆಂದು ಒಪ್ಪುವುದಿಲ್ಲ, ಮೊಂಡರೆಂದು ತೀರ್ಮಾನಿಸುತ್ತಾರೆ. ಡೈರಿಯಲ್ಲಿ ನಡೆದ ಒಂದು ಪ್ರಸಂಗವನ್ನು ಯಜಮಾನರೇ ಬಹಳ ಹೊತ್ತಿನ ಮೇಲೆ ಹೇಳಿದರು. ಹಿಂಡಿ ತಂದ ಬಾಬ್ತಿನ ಸಾಲ ತೀರಿತೇ ಎಂದು ಕಾರ್ಯದರ್ಶಿ ಕೇಳಿದಾಗ ಇವರಿಗೆ ‘ಸಾಲ’ ಎಂಬುದು ‘ಹಾಲು’ ಎಂದು ಕೇಳಿ, “ಇವತ್ತು ಆರು ಲೀಟರ್” ಎಂದು ಉತ್ತರಿಸಿದರಂತೆ. ಸರದಿಯಲ್ಲಿ ನಿಂತಿದ್ದವರು ನಕ್ಕರು. ಆವತ್ತಿನಿಂದ ಕ್ಯಾನನ್ನು ಮೊಮ್ಮಗನ ಕೈಯಲ್ಲಿ ಕಳಿಸಿ ತಾವು ಹೊರಗಿನ ಹುಣಸೆಮರದ ಕೆಳಗೆ ನಿಲ್ಲುತ್ತಾರೆ.

ಪರೀಕ್ಷೆಯಲ್ಲಿ ಕಂಡದ್ದು

ಕಿವಿ ನೋಡಿದಾಗ ಎರಡರಲ್ಲೂ ಗುಗ್ಗೆಯಿತ್ತು. ಅದನ್ನು ಕಿವಿ-ಮೂಗು-ಗಂಟಲು ವೈದ್ಯರು ತೆಗೆದ ಮೇಲೆ ತಮಟೆಯ ಪೊರೆಗಳು ಸರಿಯಾಗಿಯೇ ಇದ್ದವು. ಮಧ್ಯಕಿವಿಯ ಒತ್ತಡದ ಪರೀಕ್ಷೆಯಲ್ಲೂ ದೋಷವಿರಲಿಲ್ಲ. ಒಮ್ಮೆಗೇ ಕಿವಿ ಹೋದದ್ದಲ್ಲ, ಕಿವಿ ಸೋರಿದ್ದಿಲ್ಲ, ತಲೆಸುತ್ತು ಇಲ್ಲ. ಹಾಗಾಗಿ ಔಷಧಕ್ಕಾಗಲಿ ಶಸ್ತ್ರಚಿಕಿತ್ಸೆಗಾಗಲಿ ಎಡೆಯಿರಲಿಲ್ಲ. ಕಿವಿಯೊಳಗೆ ಸದ್ದೇನಾದರೂ ಇದೆಯೇ ಎಂದು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಂಪ್ರೆಷರ್ ಇನ್ನೂ ನಿಂತಿಲ್ಲ” ಎಂದರು. ಜೀರುಂಡೆ ಕೂಗಿದಂಥ ಸಣ್ಣ ಸದ್ದು, ರಾತ್ರಿ ಮಲಗಿದಾಗ ಹೆಚ್ಚು. ಕೆಲಸ ಬಿಟ್ಟು ಎಂಟು ವರ್ಷವಾದರೂ ಅದು ಬಿಟ್ಟಿರಲಿಲ್ಲ.

ಶುದ್ಧಸ್ವರ ಪರೀಕ್ಷೆಯಲ್ಲಿ ಒಂದೊಂದೇ ಸ್ವರವನ್ನು ಕೇಳಿಸಿ, ಕಿವಿಗೆ ಕೇಳುವ ಅತಿ ಸಣ್ಣ ಸದ್ದನ್ನು ಗುರುತಿಸುತ್ತೇವೆ. ಹರ್ಟ್ಸ್, ಅಂದರೆ ಆವರ್ತನ, ಹೆಚ್ಚಿದಷ್ಟೂ ಸ್ವರ ತೀಕ್ಷ್ಣ; ಡೆಸಿಬಲ್ ಹೆಚ್ಚಿದಷ್ಟೂ ನಷ್ಟ ಹೆಚ್ಚು, ನಕ್ಷೆಯಲ್ಲಿ ಗೆರೆ ಅಷ್ಟು ಕೆಳಗೆ. ಬಲಗಿವಿಗೆ 500 ಹರ್ಟ್ಸ್‌ನಲ್ಲಿ 25 ಡೆಸಿಬಲ್, 1000ದಲ್ಲಿ 30, 2000ದಲ್ಲಿ 50, 4000ದಲ್ಲಿ 75 ಬಂತು. ಎಡಗಿವಿಗೆ ಇದೇ ಕ್ರಮದಲ್ಲಿ 25, 35, 55, 80. ಎರಡೂ ಕಿವಿಗಳಲ್ಲಿ 8000 ಹರ್ಟ್ಸ್‌ಗೆ ಹೋದಾಗ ಗೆರೆ ಮತ್ತೆ 60ರವರೆಗೆ ಮೇಲೇರಿತು. ಮಂದ್ರ ಸ್ವರಗಳ ಕಡೆ ಸಮತಟ್ಟಾಗಿದ್ದು, 4000ದ ಬಳಿ ಗುಂಡಿ ಬಿದ್ದು, ಆಮೇಲೆ ಸ್ವಲ್ಪ ಏರುವ ಈ ರೇಖೆ ಗದ್ದಲದಿಂದ ಹಾಳಾದ ಕಿವಿಯ ಸಹಿ ಇದ್ದಂತೆ. ವಯಸ್ಸಿನಿಂದಷ್ಟೇ ಬರುವ ನಷ್ಟದಲ್ಲಿ ಗೆರೆ ಸಾಮಾನ್ಯವಾಗಿ ಕೊನೆಯವರೆಗೂ ಇಳಿಯುತ್ತಲೇ ಹೋಗುತ್ತದೆ. ಯಜಮಾನರಲ್ಲಿ ವಯಸ್ಸಿನ ಪಾಲೂ ಇಲ್ಲವೆನ್ನಲಾಗದು, ಆದರೆ ಗುಂಡಿ ತೋಡಿದ್ದು ಜಾಕ್‌ಹ್ಯಾಮರ್.

ಒಳಗಿವಿಯ ಶಂಖದಲ್ಲಿ, ಅಂದರೆ ಶಂಖದಂತೆ ಸುರುಳಿ ಸುತ್ತಿದ ಭಾಗದಲ್ಲಿ, ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಶಂಖದ ಬುಡದ ಕೋಶಗಳು ತೀಕ್ಷ್ಣ ಸ್ವರಗಳಿಗೆ, ತುದಿಯವು ಮಂದ್ರ ಸ್ವರಗಳಿಗೆ ಸ್ಪಂದಿಸುತ್ತವೆ. ಕಿವಿಯ ಕೊಳವೆ ತನ್ನ ಉದ್ದ ಮತ್ತು ಆಕಾರದಿಂದಾಗಿ ಸುಮಾರು 3000 ಹರ್ಟ್ಸ್‌ನ ಸದ್ದನ್ನು ತಾನೇ ಹಿಗ್ಗಿಸಿ ಒಳಕ್ಕೆ ಕಳಿಸುವುದರಿಂದ, ಎಂಥ ಗದ್ದಲವಾದರೂ ಮೊದಲ ಪೆಟ್ಟು 3000ದಿಂದ 6000 ಹರ್ಟ್ಸ್‌ನ ನಡುವಿನ ಕೋಶಗಳಿಗೇ ಬೀಳುತ್ತದೆ. ಬಂಡೆ ಕೊರೆಯುವ ಯಂತ್ರದ ಸದ್ದು ಅದನ್ನು ಹಿಡಿದವರ ಕಿವಿಯ ಬಳಿ 100 ಡೆಸಿಬಲ್ ಮೀರುತ್ತದೆ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬಲ್ಲಿನ ಮಿತಿ ಇಟ್ಟಿದ್ದರೆ, ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯಾದ ನಿಯೋಶ್ 85 ಎನ್ನುತ್ತದೆ. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧವಾಗಬೇಕೆಂಬ ಅದರ ಲೆಕ್ಕದಲ್ಲಿ 100 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 15 ನಿಮಿಷ ಇರಬಹುದು. ಯಜಮಾನರಿಗೆ ಅಡಿ ಲೆಕ್ಕದಲ್ಲಿ ಕೂಲಿ ಸಿಗುತ್ತಿದ್ದುದರಿಂದ ಬೆಳಗ್ಗೆ ಆರಕ್ಕೆ ಹಿಡಿದ ಯಂತ್ರವನ್ನು ಬಿಸಿಲೇರುವವರೆಗೂ ಬಿಡುತ್ತಿರಲಿಲ್ಲ. ಕಿವಿಗೆ ಇಟ್ಟುಕೊಳ್ಳುತ್ತಿದ್ದುದು ಎಂದರೆ ತಲೆಗೆ ಸುತ್ತಿದ ಟವೆಲ್ಲಿನ ಒಂದು ಪದರ. ಬಂಡೆಯ ದೂಳು ಶ್ವಾಸಕೋಶಕ್ಕೂ ಹೋಗುವುದರಿಂದ ಅವರ ಎದೆಯ ಎಕ್ಸ್‌ರೇಗೂ ಬರೆದುಕೊಟ್ಟೆವು. ಇಂಥ ಕೆಲಸ ಮಾಡಿದವರ ಕಿವಿಯನ್ನಷ್ಟೇ ನೋಡಿ ಕಳಿಸುವುದು ಸರಿಯಲ್ಲ.

ಈಗ ಹೆಂಡತಿಯ ಮಾತಿಗೆ ಬರೋಣ. ಕನ್ನಡದ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿದೆ. ಮ, ನ, ಲ ಮುಂತಾದವುಗಳೂ ಅಲ್ಲಿಯೇ. ಸ, ಶ, ಚ, ತ, ಕ, ಪ ಇಂಥ ಅಕ್ಷರಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವ ಅಂಶ 2000ದಿಂದ ಮೇಲಿದೆ, ಸಾಲದ್ದಕ್ಕೆ ಅದು ಬಹಳ ಸಣ್ಣ ಸದ್ದು. ಸಾಲು, ಹಾಲು, ಕಾಲು, ಪಾಲು ಎಂದು ನಾಲ್ಕು ಬೇರೆ ಮಾತುಗಳನ್ನು ಆಡಿದರೆ ಯಜಮಾನರ ಕಿವಿಗೆ ಮುಟ್ಟುವುದು ನಾಲ್ಕು ಸಲವೂ ‘ಆಲು’ ಎಂಬ ಉಳಿಕೆ ಮಾತ್ರ. ಯಾರೋ ಮಾತಾಡಿದರೆಂಬುದು ತಿಳಿಯುತ್ತದೆ, ಯಾರೆಂಬುದೂ ತಿಳಿಯುತ್ತದೆ, ಏನೆಂಬುದು ತಿಳಿಯುವುದಿಲ್ಲ. ಟ್ರ್ಯಾಕ್ಟರ್, ಹಸು, ಗುಡುಗು, ತಮಟೆ ಎಲ್ಲವೂ ಅವರಿಗೆ ಉಳಿದಿರುವ ಪಾಲಿನಲ್ಲೇ ಇರುವ ಸದ್ದುಗಳು. ಕಿವುಡನ ಮುಂದೆ ಶಂಖ ಊದಿದಂತೆ ಎಂಬ ಗಾದೆ ಇವರ ಮಟ್ಟಿಗೆ ಸುಳ್ಳು: ಶಂಖ ಊದಿದ್ದರೆ ಯಜಮಾನರಿಗೆ ಚೆನ್ನಾಗಿಯೇ ಕೇಳುತ್ತಿತ್ತು.

ಮಾತನ್ನು ಗುರುತಿಸುವ ಪರೀಕ್ಷೆಗೆ ಕನ್ನಡದ 25 ಪದಗಳ ಪಟ್ಟಿಯನ್ನು, ತುಟಿ ಕಾಣದಂತೆ ಮಾಡಿ, ಸಾಮಾನ್ಯ ಮಾತಿನ ಮಟ್ಟದಲ್ಲಿ ಕೇಳಿಸಿದೆವು. 12 ಸರಿಯಾದವು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಆಡುವ ಈ ಸೀಮೆಯವರನ್ನು ಕನ್ನಡದ ಪಟ್ಟಿಯೊಂದರಿಂದಲೇ ಅಳೆಯುವಾಗ ಆ ಅಂಕಿಯನ್ನು ಸ್ವಲ್ಪ ಸಡಿಲವಾಗಿ ಓದಬೇಕು ಎಂಬುದು ನನ್ನ ಅಭಿಪ್ರಾಯ. ಆದರೂ ತಪ್ಪಿದ 13 ಪದಗಳಲ್ಲಿ 11 ಕಡೆ ತಪ್ಪಿದ್ದು ವ್ಯಂಜನವೇ ಹೊರತು ಸ್ವರವಲ್ಲ.

ಸರಾಸರಿಯೆಂಬ ತೊಡಕು

ಇಷ್ಟೆಲ್ಲ ಆದ ಮೇಲೆ ಮನೆಯವರು ಕೇಳಿದ ಮೊದಲ ಪ್ರಶ್ನೆ, ಅಂಗವಿಕಲರ ಕಾರ್ಡ್ ಸಿಗುವುದೇ ಎಂಬುದು. ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳ ನಷ್ಟ 60ರಿಂದ 70 ಡೆಸಿಬಲ್ ಇದ್ದರೆ ಅದು ಶ್ರವಣಮಾಂದ್ಯ, 70 ಇದ್ದರೆ ಕಿವುಡು. 500, 1000, 2000, 4000 ಈ ನಾಲ್ಕರ ಸರಾಸರಿ ತೆಗೆದರೆ ಯಜಮಾನರ ಬಲಗಿವಿಗೆ 45, ಎಡಗಿವಿಗೆ 49 ಬರುತ್ತದೆ. ಕೇಂದ್ರ ಸರ್ಕಾರ 1981ರಿಂದ ನಡೆಸುತ್ತಿರುವ ಅಡಿಪ್ ಯೋಜನೆಯಲ್ಲಿ ಉಚಿತ ಸಾಧನ ಪಡೆಯಲು ಶೇ 40ರ ವೈಕಲ್ಯದ ಪ್ರಮಾಣಪತ್ರ ಬೇಕಾದ್ದರಿಂದ ಆ ಬಾಗಿಲೂ ಮುಚ್ಚಿತು. ಅತ್ತ ವಿಶ್ವ ಆರೋಗ್ಯ ಸಂಸ್ಥೆ ಚೆನ್ನಾಗಿರುವ ಕಿವಿಯಲ್ಲಿ 35 ಡೆಸಿಬಲ್ ಮೀರಿದ ನಷ್ಟವನ್ನೇ ಬದುಕಿಗೆ ತೊಡಕಾಗುವ ನಷ್ಟವೆಂದು ಎಣಿಸಿ, ಜಗತ್ತಿನಲ್ಲಿ ಅಂಥವರು 43 ಕೋಟಿ ಇದ್ದಾರೆ ಎನ್ನುತ್ತದೆ. ಜಿನೀವಾದ ಲೆಕ್ಕಕ್ಕೆ ಸಿಕ್ಕುವ ಯಜಮಾನರು ದೆಹಲಿಯ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಕಾಯಿದೆಗೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ನಿಜ. ನನ್ನ ತಕರಾರು ಗೆರೆಯ ಎತ್ತರದ ಬಗ್ಗೆ ಅಲ್ಲ, ಸರಾಸರಿಯ ಬಗ್ಗೆ. ಒಂದು ಕಡೆ ಮೊಣಕಾಲು, ಇನ್ನೊಂದು ಕಡೆ ಆಳೆತ್ತರ ನೀರಿರುವ ಕೆರೆಯ ಸರಾಸರಿ ಆಳವನ್ನು ಹೇಳಿ ಒಬ್ಬರನ್ನು ನೀರಿಗಿಳಿಸಿದಂತೆ ಇದು. ಶಿಬಿರದವರು ಮಾಡಿದ ತಪ್ಪೂ ಇದೇ ಜಾತಿಯದು. ಕೇಳಿಸುವುದಿಲ್ಲವೆಂದರೆ ಸದ್ದು ಸಾಲದೆಂದು ಅರ್ಥಮಾಡಿಕೊಂಡು, ಎಲ್ಲವನ್ನೂ ಒಂದೇ ಸಮ ಹಿಗ್ಗಿಸುವ ಪೆಟ್ಟಿಗೆ ಕೊಟ್ಟರು. ಕೆಳಗಿನ ಸ್ವರಗಳು ಮೊದಲೇ ಸರಿಯಾಗಿ ಕೇಳುತ್ತಿದ್ದ ಕಿವಿಗೆ ಅವು ಇಮ್ಮಡಿಯಾಗಿ ಬಂದು, ಬೇಕಾಗಿದ್ದ ಸಣ್ಣ ಸದ್ದುಗಳನ್ನು ಇನ್ನಷ್ಟು ಮುಚ್ಚಿದವು. ಕಿವಿಗೆ ಬಿರಡೆ ಹಾಕಿದಂತಿದ್ದ ತುದಿಯಿಂದಾಗಿ ತಮ್ಮ ಮಾತು ತಮಗೇ ಗುಡಾಣದೊಳಗೆ ತಲೆಯಿಟ್ಟು ಮಾತಾಡಿದಂತೆ ಕೇಳುತ್ತಿತ್ತು ಎಂದು ಯಜಮಾನರು ಹೇಳಿದರು. ಅವರು ಅದನ್ನು ಟ್ರಂಕಿಗೆ ಹಾಕಿದ್ದು ಅಸಡ್ಡೆಯಿಂದಲ್ಲ, ಮೂರು ದಿನ ಪ್ರಯತ್ನಪಟ್ಟ ಮೇಲೆ. ಮನೆಯವರು ಮಾಡುತ್ತಿದ್ದುದೂ ಅದನ್ನೇ: ಕೂಗುತ್ತಿದ್ದರು. ಕೂಗಿದಾಗ ದೊಡ್ಡದಾಗುವುದು ಮುಖ್ಯವಾಗಿ ಸ್ವರಾಕ್ಷರಗಳು. ‘ಸ’ಕಾರವನ್ನು ಎಷ್ಟೆಂದು ಕೂಗಲು ಸಾಧ್ಯ?

ಪರಿಹಾರಧನದ ವಿಚಾರವನ್ನೂ ಮಗ ಎತ್ತಿದರು. ಗದ್ದಲದಿಂದಾದ ಶ್ರವಣನಷ್ಟವನ್ನು 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿ ಔದ್ಯೋಗಿಕ ರೋಗವೆಂದು ಹೆಸರಿಸಿತ್ತು. ಆದರೆ ನಾಲ್ಕು ಗುತ್ತಿಗೆದಾರರ ಕೈಕೆಳಗೆ, ಹಾಜರಿ ಪುಸ್ತಕವಿಲ್ಲದೆ, ಅಡಿ ಲೆಕ್ಕದಲ್ಲಿ ದುಡಿದವರು ಯಾರ ಮೇಲೆ ಅರ್ಜಿ ಹಾಕುವುದು? ಆ ಮಾತು ಅಲ್ಲಿಗೇ ನಿಂತಿತು.

ಚಿಕಿತ್ಸೆ ಮತ್ತು ಅದರ ಎಡವಟ್ಟುಗಳು

ಅವರಿಗೆ ನಾವು ಆರಿಸಿದ್ದು ಕಿವಿಯ ಹಿಂದೆ ಕೂರುವ ಡಿಜಿಟಲ್ ಸಾಧನ. ಕಿವಿಯ ಅಚ್ಚು ತೆಗೆದು ಬೆಂಗಳೂರಿಗೆ ಕಳಿಸಿ, ನಡುವೆ ಗಾಳಿ ಆಡುವ ಸಣ್ಣ ರಂಧ್ರ ಬಿಟ್ಟ ಗಟ್ಟಿ ತುದಿಯನ್ನು ಮಾಡಿಸಿದೆವು. ಆ ರಂಧ್ರದ ಮೂಲಕ ಕೆಳಗಿನ ಸ್ವರಗಳು ತಾವಾಗಿ ಒಳಹೋಗುತ್ತವೆ. ಯಂತ್ರ 1500 ಹರ್ಟ್ಸ್‌ನಿಂದ ಮೇಲಿನದನ್ನು ಮಾತ್ರ ಹಿಗ್ಗಿಸುತ್ತದೆ. ರಂಧ್ರ ದೊಡ್ಡದಾದರೆ ಹೊರಬಂದ ಸದ್ದು ಮೈಕಿಗೆ ಮರಳಿ ಕೀಂಯ್ ಎನ್ನುತ್ತದೆ, ಚಿಕ್ಕದಾದರೆ ಗುಡಾಣದ ಅನುಭವ ಮರಳುತ್ತದೆ. ಇವರ ವಿಷಯದಲ್ಲಿ ಎರಡು ಸಲ ತಿದ್ದಬೇಕಾಯಿತು. ಎರಡೂ ಕಿವಿಗೆ ಹಾಕುವುದು ಸರಿಯಾದ ಕ್ರಮ. ಆದರೆ ಒಬ್ಬರಿಗೆ ಎರಡು ಕೊಡುವ ಹಣದಲ್ಲಿ ಇಬ್ಬರಿಗೆ ಒಂದೊಂದು ಕೊಡಬಹುದೆಂಬ ವಾದ ನಮ್ಮ ಸಭೆಯಲ್ಲಿ ಪ್ರತಿಸಲವೂ ಬರುತ್ತದೆ, ಈ ಸಲವೂ ಬಂತು. ಮೊದಲು ಬಲಗಿವಿಗೆ ಮಾತ್ರ ಎಂದು ತೀರ್ಮಾನವಾಯಿತು. ಆ ತೀರ್ಮಾನ ಸರಿಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಮೊದಲ ವಾರದಲ್ಲೇ ಯಜಮಾನರು ಅದನ್ನು ತೆಗೆದಿಟ್ಟರು. ಪ್ಲಾಸ್ಟಿಕ್ ಕವರ್ ಮುಟ್ಟಿದರೆ ಬೆಂಕಿ ಹತ್ತಿದಂತೆ ಚಟಚಟ ಸದ್ದು, ಸ್ಟೀಲ್ ತಟ್ಟೆ ಇಟ್ಟರೆ ತಲೆಗೆ ಬಡಿದಂತೆ, ಒಣಗಿದ ಮಾವಿನೆಲೆಯ ಮೇಲೆ ತಾವೇ ನಡೆದರೆ ಹಿಂದೆ ಯಾರೋ ಬಂದಂತೆ. ಈ ದೂರು ನಮಗೆ ಒಳ್ಳೆಯ ಸುದ್ದಿಯೇ ಆಗಿತ್ತು, ಏಕೆಂದರೆ ಅವೆಲ್ಲ ಹತ್ತು ಹನ್ನೆರಡು ವರ್ಷಗಳಿಂದ ಅವರ ಮಿದುಳಿಗೆ ತಲುಪದೆ ಹೋದ ತೀಕ್ಷ್ಣ ಸದ್ದುಗಳು. ಆದರೆ ಒಳ್ಳೆಯ ಸುದ್ದಿಯೆಂದು ಅವರಿಗೆ ಹೇಳಿದರೆ ಸಾಲದು. ಹಿಗ್ಗಿಸುವ ಮಟ್ಟವನ್ನು ಲೆಕ್ಕಕ್ಕಿಂತ ಬಹಳ ಕೆಳಗೆ ಇಳಿಸಿ, ಬೆಳಗ್ಗೆ ಕೊಟ್ಟಿಗೆಯಲ್ಲಿ ಅರ್ಧ ಗಂಟೆ, ಸಂಜೆ ಮೊಮ್ಮಗನ ಜೊತೆ ಅರ್ಧ ಗಂಟೆ ಎಂದು ಆರಂಭಿಸಿ, ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿದೆವು. ಸಾಧನವೇ ದಿನಕ್ಕೆ ಎಷ್ಟು ಹೊತ್ತು ಬಳಕೆಯಾಯಿತೆಂದು ದಾಖಲಿಸಿಕೊಳ್ಳುವುದರಿಂದ ಇಲ್ಲಿ ದಾಕ್ಷಿಣ್ಯದ ಉತ್ತರಕ್ಕೆ ಜಾಗವಿಲ್ಲ. ಮೊದಲ ತಿಂಗಳ ಸರಾಸರಿ ದಿನಕ್ಕೆ 40 ನಿಮಿಷ, ಮೂರನೆಯ ತಿಂಗಳಲ್ಲಿ ನಾಲ್ಕು ಗಂಟೆ.

ನಡುವೆ ಬ್ಯಾಟರಿಯ ಪ್ರಸಂಗವೊಂದು ನಡೆಯಿತು. ಈ ಸಾಧನಗಳ ಗುಂಡಿಯಂಥ ಸೆಲ್ಲಿಗೆ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿಯನ್ನು ಕಿತ್ತ ಕೂಡಲೇ ಒಳಗೆ ಗಾಳಿ ಹೋಗಿ ಅದು ಕೆಲಸ ಆರಂಭಿಸುತ್ತದೆ; ಮತ್ತೆ ಅಂಟಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಆರು ಸೆಲ್ಲುಗಳ ಪಟ್ಟಿಯಿಂದ ಮೊಮ್ಮಗ ಆರೂ ಚೀಟಿಗಳನ್ನು ಕಿತ್ತು ಶಾಲೆಯ ಪುಸ್ತಕಕ್ಕೆ ಅಂಟಿಸಿಕೊಂಡಿದ್ದ. ಎರಡು ತಿಂಗಳು ಬರಬೇಕಾಗಿದ್ದ ಪಟ್ಟಿ ಕೆಲವೇ ವಾರಗಳಲ್ಲಿ ಮುಗಿಯಿತು, ಊರಲ್ಲಿ ಸಿಗಲಿಲ್ಲ, ಚಿಕ್ಕಬಳ್ಳಾಪುರಕ್ಕೆ ಬರಲು ಒಂದು ದಿನದ ಕೆಲಸ ಕೆಡುತ್ತದೆಂದು ಸಾಧನ ಮತ್ತೆ ಟ್ರಂಕಿನ ದಾರಿ ಹಿಡಿಯುವುದರಲ್ಲಿತ್ತು. ಈಗ ಪೆರೇಸಂದ್ರದ ಒಂದು ಔಷಧದ ಅಂಗಡಿಯವರು ನಮ್ಮ ಪರವಾಗಿ ಬ್ಯಾಟರಿ ಇಟ್ಟುಕೊಂಡಿದ್ದಾರೆ, ಸಂತೆಗೆ ಹೋದವರು ಯಾರಾದರೂ ತಂದುಕೊಡುತ್ತಾರೆ. ಶಿಬಿರ ನಡೆಸುವವರು ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಸಾಧನ ಹಂಚುತ್ತೇವೆ ಎಂಬುದಲ್ಲ, ಬ್ಯಾಟರಿ ಎಲ್ಲಿ ಸಿಗುತ್ತದೆ ಎಂಬುದು ಎಂದು ನಾವು ಕಲಿತದ್ದು ಆ ಹುಡುಗನಿಂದ.

ಮನೆಯವರಿಗೆ ಹೇಳಿದ್ದು ಕಡಿಮೆ. ಅಡುಗೆಮನೆಯಿಂದ ಕೂಗಬೇಡಿ, ಎದುರಿಗೆ ಬನ್ನಿ. ಮುಖದ ಮೇಲೆ ಬೆಳಕು ಬೀಳಲಿ. ಮಿಕ್ಸಿ ಓಡುವಾಗ ಮಾತು ಬೇಡ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದನ್ನೇ ಜೋರಾಗಿ ಹೇಳದೆ ಬೇರೆ ಮಾತಿನಲ್ಲಿ ಹೇಳಿ. ಸೊಸೆ ಇದನ್ನು ಬೇಗ ಹಿಡಿದುಕೊಂಡರು. ಹೆಂಡತಿ ಮೂವತ್ತು ವರ್ಷದ ಅಭ್ಯಾಸ ಬಿಡಲು ಇನ್ನೂ ಒಪ್ಪಿಲ್ಲ. ಐದನೆಯ ತಿಂಗಳಲ್ಲಿ ಸಾಧನ ಹಾಕಿ ಅದೇ ಮಟ್ಟದಲ್ಲಿ ಬೇರೊಂದು ಪಟ್ಟಿ ಕೇಳಿಸಿದಾಗ 25ರಲ್ಲಿ 18 ಸರಿಯಾದವು. ಸಂತೆಯಲ್ಲಿ, ಮದುವೆ ಮನೆಯಲ್ಲಿ ಮಾತ್ರ ಈಗಲೂ ಕಷ್ಟ. ಅಲ್ಲಿ ಅವರು ಅದನ್ನು ಜೇಬಿಗಿಡುತ್ತಾರೆ, ನಾವು ಬೇಡವೆನ್ನುವುದಿಲ್ಲ. ಕಿವಿಯೊಳಗಿನ ಜೀರುಂಡೆ ಸಾಧನ ಹಾಕಿದ್ದಾಗ ಹಿಂದೆ ಸರಿಯುತ್ತದೆ, ತೆಗೆದಾಗ ಮರಳುತ್ತದೆ. ಹಾಲಿನ ಕ್ಯಾನನ್ನು ಡೈರಿಯ ಒಳಗೆ ತಾವೇ ಒಯ್ಯಲು ಆರಂಭಿಸಿದ್ದಾರೆ. ಎಡಗಿವಿಯ ಸಾಧನಕ್ಕೆ ಹಣ ಒದಗಿದ್ದು ಆಮೇಲೆ.

ಮಗ ಒಂದು ದಿನ ಮೊಬೈಲಿನಲ್ಲಿ ಏನೋ ನೋಡಿ, ಕೋಳಿಗೆ ಹಾಳಾದ ಕಿವಿ ಮತ್ತೆ ಬೆಳೆಯುತ್ತದಂತೆ, ಅಪ್ಪನಿಗೇಕೆ ಬೆಳೆಯದು ಎಂದು ಕೇಳಿದರು. ಪ್ರಶ್ನೆ ಹುಡುಗಾಟದ್ದಲ್ಲ. ಹಕ್ಕಿಗಳ ಒಳಗಿವಿಯಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ ಎಂಬುದು 1980ರ ದಶಕದಲ್ಲಿ ಖಚಿತವಾಯಿತು; ಮನುಷ್ಯರಲ್ಲಿ ಹಾಗಾಗುವುದಿಲ್ಲ. ಕೊಲೆಟ್ ರಾಮ್ಸೆ ಬೇಕರ್ ಎಂಬ ಮಹಿಳೆ 1958ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ, ಈಗ ಹಿಯರಿಂಗ್ ಹೆಲ್ತ್ ಫೌಂಡೇಶನ್ ಎನ್ನಿಸಿಕೊಂಡಿರುವ ಲಾಭರಹಿತ ಸಂಸ್ಥೆ ಕೋಳಿ, ಮೀನು, ಇಲಿಗಳ ಕೋಶಗಳನ್ನು ಹೋಲಿಸಿ ನೋಡುವ ಸಂಶೋಧನೆಗೆಂದೇ 2011ರಿಂದ ವಿಜ್ಞಾನಿಗಳ ಒಂದು ಕೂಟವನ್ನು ಪೋಷಿಸುತ್ತಿದೆ. ಆದರೆ ಗದ್ದಲದಿಂದ ಸತ್ತ ಕೋಶಗಳನ್ನು ಮರಳಿ ಹುಟ್ಟಿಸುವ ಔಷಧ ಇನ್ನೂ ಬಂದಿಲ್ಲ ಎಂದು ಅವರಿಗೆ ಹೇಳಿದೆ. ಆಮೇಲೆ, ಅವರು ಈಗ ಏನು ಕೆಲಸ ಮಾಡುತ್ತಿದ್ದಾರೆಂದು ಕೇಳಿದೆ. ಅಪ್ಪ ಬಿಟ್ಟ ಕೆಲಸವನ್ನೇ ಮಾಡುತ್ತಿದ್ದರು. ವಯಸ್ಸು 29, ಜಾಕ್‌ಹ್ಯಾಮರ್ ಹಿಡಿದು ಏಳು ವರ್ಷ.

ಅವರನ್ನೂ ಕೋಣೆಗೆ ಕೂರಿಸಿ ಪರೀಕ್ಷಿಸಿದಾಗ ಎಲ್ಲ ಕಡೆ ಸರಿಯಿದ್ದ ಗೆರೆ 4000ದ ಬಳಿ 35 ಡೆಸಿಬಲ್‌ಗೆ ಇಳಿದು ಮತ್ತೆ ಮೇಲೇರಿತು. ಆದರೆ ಅವರು ಅಂದು ಬೆಳಗಿನ ಕೆಲಸ ಮುಗಿಸಿ ನೇರ ಬಂದಿದ್ದರು. ಗದ್ದಲದಿಂದ ದಣಿದ ಕಿವಿ ಕೆಲವು ಗಂಟೆಗಳ ಮಟ್ಟಿಗೆ ಮಂದವಾಗಿ ಆಮೇಲೆ ಚೇತರಿಸಿಕೊಳ್ಳುವುದರಿಂದ, ಕನಿಷ್ಠ 14 ಗಂಟೆ ಸದ್ದಿನಿಂದ ದೂರವಿದ್ದ ಮೇಲೆ ಮಾಡಿದ ಪರೀಕ್ಷೆಯನ್ನೇ ನಂಬಬೇಕು. ಹಾಗಾಗಿ ಆ 35ರಲ್ಲಿ ದಣಿವೆಷ್ಟು, ನಷ್ಟವೆಷ್ಟು ಎಂದು ಅಂದು ಹೇಳಲಾಗಲಿಲ್ಲ. ಕಿವಿಗೆ ಹಾಕುವ ನೊರೆಯ ಬಿರಡೆಗಳನ್ನು ಕೊಟ್ಟು, ಉರುಟಿ, ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು, ಉಬ್ಬುವವರೆಗೆ ಬೆರಳಿನಿಂದ ಹಿಡಿಯುವ ಕ್ರಮವನ್ನು ಮೂರು ಸಲ ಮಾಡಿಸಿ ನೋಡಿದೆವು. ಕ್ವಾರಿಗೆ ಭಾನುವಾರ ರಜೆ. ಸೋಮವಾರ ಕೆಲಸ ತಪ್ಪಿಸಿದರೆ ಕೂಲಿ ಹೋಗುತ್ತದೆ. ಸೋಮವಾರ ಬೆಳಗ್ಗೆ ಐದೂವರೆಗೆ ನಾವೇ ಪೆಟ್ಟಿಗೆ ಹೊತ್ತುಕೊಂಡು ಅವರ ಮನೆಗೆ ಹೋಗಿ, ಕಂಪ್ರೆಷರ್ ಚಾಲೂ ಆಗುವ ಮೊದಲು ಪರೀಕ್ಷೆ ಮಾಡುವುದೆಂದು ನಿಶ್ಚಯವಾಗಿದೆ. ಆ ಹೊತ್ತಿಗೆ ಹಸುಗಳು ಕೂಗುತ್ತವೆಯಲ್ಲ ಎಂದು ಯಜಮಾನರು ಕೇಳಿದರು. ಕೊಟ್ಟಿಗೆಯಿಂದ ದೂರದ ಕೋಣೆಯನ್ನು ತೆರವು ಮಾಡಿಡುವ ಹೊಣೆಯನ್ನು ಅವರೇ ವಹಿಸಿಕೊಂಡಿದ್ದಾರೆ.